ಗಂಜಿ ಬಿಟ್ಟ ಕಂಬಳಿಗಳು

ಗೋಕಾಕ

ನಾನು ಶಾಲೆ ಬಿಟ್ಟದ್ದು 1944ರಲ್ಲಿ, ಕನ್ನಡ ಐದನೆಯ ಇಯತ್ತೆಯಲ್ಲಿದ್ದಾಗ. ಆ ವರ್ಷ ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಸುತ್ತಲಿನ ಓಣಿಗಳು ಸುಟ್ಟವು. ಅಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಅಪ್ಪ ಸಿಗಲಿಲ್ಲ. ಅವನ ಜೊತೆ ಹೋಗಿದ್ದ ಘೋಡಗೇರಿಯ ಲಗಮವ್ವನ ಮಗ ಸಿದ್ದಪ್ಪನೂ ಸಿಗಲಿಲ್ಲ. ಹುಡುಕಲು ಹೋದ ಅವ್ವ ಮತ್ತು ನಾನು ಒಂದು ಧರ್ಮಶಾಲೆಯಲ್ಲಿ, ಮನೆ ಸುಟ್ಟವರ ನಡುವೆ ಉಳಿದೆವು. ಯಾರೋ ಪುಣ್ಯವಂತರು ನಮಗೊಂದು ಬೂದುಬಣ್ಣದ ರಗ್ಗು ಕೊಟ್ಟರು. ಹೊಸದಲ್ಲ, ಯಾರೋ ಬಹಳ ವರ್ಷ ಹೊದ್ದು ಬಿಟ್ಟದ್ದು. ಅವರ ಮೈಯ ವಾಸನೆ, ಅವರ ತಲೆಗೆಣ್ಣೆಯ ವಾಸನೆ ಅದರಲ್ಲಿ ಹಾಗೇ ಇತ್ತು. ಕೊಟ್ಟವರ ಮುಖವನ್ನು ಅವ್ವ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಕೈ ಚಾಚಿದಳು.

ಆಮೇಲೆ ಊರಿಗೆ ಬಂದು, ಕುರುಬರ ಮನೆಗಳಿಂದ ಕಂಬಳಿ ಹೊತ್ತು ಸಂತೆಯಿಂದ ಸಂತೆಗೆ ತಿರುಗಿ, ಗೋಕಾಕದ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ಯಾರ ಕೈ ಕೆಳಗೂ ನಿಲ್ಲಲಿಲ್ಲ. ಮನಸ್ಸಿನಲ್ಲಿ ಒಂದು ಮಾತು ಮಾತ್ರ ಗಟ್ಟಿ ಮಾಡಿಟ್ಟುಕೊಂಡಿದ್ದೆ. ನಾನು ಕೊಡುವ ಕಾಲ ಬಂದರೆ ಹೊಸದನ್ನೇ ಕೊಡಬೇಕು.

ಆ ಕಾಲ 1963ರಲ್ಲಿ ಬಂತು. ಯುಗೊಸ್ಲಾವಿಯಾ ದೇಶದ ಸ್ಕೋಪ್ಯೆ ಎಂಬ ಪಟ್ಟಣ ಒಂದು ಬೆಳಗಿನ ಜಾವ ಭೂಕಂಪಕ್ಕೆ ಕುಸಿಯಿತು. ಉಳಿದವರು ಗುಡಾರಗಳಲ್ಲಿದ್ದಾರೆ, ಚಳಿಗಾಲ ಬರುತ್ತಿದೆ ಎಂದು ಮುಂಬಯಿಯ ಒಂದು ಧರ್ಮಾರ್ಥ ಮಂಡಳಿಯವರು ಕಂಬಳಿ ಕೇಳಿ ನನ್ನ ಅಂಗಡಿಗೆ ಬಂದರು. ಹಡಗಿನ ಹೊಟ್ಟೆಯಲ್ಲಿ ಉಣ್ಣೆ ಬೆವೆತು ಹಾಳಾಗುತ್ತದೆ, ಗಂಟುಗಳನ್ನು ದಿನಾ ತಿರುವಿ ಹಾಕಲು ಒಬ್ಬ ಆಳು ಬೇಕು ಎಂದರು. ಆಳು ಯಾಕೆ, ನಾನೇ ಹೋಗುತ್ತೇನೆ ಎಂದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿ ಮಾಲು ಕೂಡಿಸಿದೆ. ಕೊನೆಗೆ ಘೋಡಗೇರಿಗೆ ಹೋದೆ. ಅಲ್ಲಿ ಲಗಮವ್ವ ನೂಲು ತೆಗೆಯುತ್ತಾಳೆ, ಅವಳ ಮೈದುನ ಮುತ್ತೆಪ್ಪಕಾಕಾ ನೇಯುತ್ತಾನೆ. ನೇಯ್ದ ಕಂಬಳಿಗೆ ಹುಣಸೆಬೀಜ ಕುದಿಸಿದ ಗಂಜಿ ಹಚ್ಚಿ ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಗಂಜಿ ಇದ್ದರೆ ಮಳೆ ಜಾರುತ್ತದೆ, ಹೊಸದೆಂಬ ಗುರುತೂ ಅದೇ. ಗಂಜಿ ಬಿಟ್ಟ ಕಂಬಳಿಯನ್ನು ಹೊಸದೆಂದು ಮಾರಿದ ವ್ಯಾಪಾರಿಯ ಹತ್ತಿರ ಮತ್ತೆ ಯಾರೂ ಬರುವುದಿಲ್ಲ.

"ಗಂಜಿ ಎರಡು ಸರತಿ ಹಾಕ್ರಿ ಕಾಕಾ," ಎಂದೆ.

"ಎರಡ ಸರತಿ? ಮದಿವಿ ಕಂಬಳಿಗಷ್ಟ ಹಾಕತೀವಿ ಹಂಗ."

"ಇವಕ್ಕೂ ಹಾಕ್ರಿ. ಮನಿ ಕಳಕೊಂಡವರಿಗೆ ಹೋಗೋ ಮಾಲು. ಮುಟ್ಟಿದ ಕೂಡ್ಲೇ ಹೊಸಾದು ಅಂತ ಗೊತ್ತಾಗಬೇಕು."

"ಆತು ತಗೋ. ನೆಲಕ್ಕ ನಿಂದ್ರಿಸಿದ್ರ ಕರಿ ಕೋಟ ಹಾಕ್ಕೊಂಡ ವಕೀಲ ನಿಂತಂಗ ನಿಂದ್ರತಾವ ನೋಡು," ಎಂದು ಕಾಕಾ ನಕ್ಕ.

ಹೊರಡುವಾಗ ಲಗಮವ್ವ ರಾಟಿ ಬಿಟ್ಟು ಎದ್ದು ಬಂದಳು. ಬೆಳಗಾಗುವ ಮೊದಲು ಘೋಡಗೇರಿ ದಾಟುವವರೆಲ್ಲ ಅವಳ ರಾಟಿಯ ಸಪ್ಪಳ ಕೇಳಿದವರೇ. ಮಗ ಹೋದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಬಿಳಿ ಅಂಚಿನ ಒಂದು ಕಂಬಳಿಯನ್ನು ನನ್ನ ಕೈಗಿಟ್ಟಳು.

"ಇದು ನಂದು. ಇದಕ್ಕ ಏನೂ ಕೊಡಬ್ಯಾಡ. ಯಾರಿಗೆ ಹೊಚ್ಚಿದಿ ಅಂತ ಬಂದು ಹೇಳು, ಸಾಕು."

"ಅಲ್ಲಿ ಪ್ಯಾಟಿಗೆ ಪ್ಯಾಟಿನ ಬಯಲಾಗ ಐತಿ, ಆಯಿ. ಯಾರಂತ ಹೇಳಲಿ?"

"ಕಂಬಳಿ ಒಂದ ಐತಿ. ಹೊಚ್ಚಗೊಳ್ಳಾಕಿನೂ ಒಬ್ಬಾಕಿ ಇರತಾಳ." ಬಿಳಿ ಅಂಚನ್ನು ಸವರುತ್ತ ಹೇಳಿದಳು, "ನಮ್ಮ ಸಿದ್ದಗ ಯಾರು ಏನು ಹೊಚ್ಚಿದ್ರೋ, ಹೇಳಾಕ ಯಾರೂ ಬರಲಿಲ್ಲಲ್ಲ."

ಹಡಗು

ಸಮುದ್ರದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನಾನು ಹೆಚ್ಚು ನೋಡಿದ್ದು ಹಡಗಿನ ಹೊಟ್ಟೆಯನ್ನೇ. ಗಂಟು ಬಿಚ್ಚುವುದು, ಕಂಬಳಿಗಳ ನಡುವಿನ ಬೇವಿನೆಲೆ ಸರಿ ಮಾಡುವುದು, ತಿರುವಿ ಕಟ್ಟುವುದು. ವಾಂತಿ ಬಂದಾಗಲೂ ಅಲ್ಲೇ ಗಂಟಿನ ಮೇಲೆ ಮಲಗುತ್ತಿದ್ದೆ. ಕುರಿ, ಬೇವು, ಹುಣಸೆಬೀಜ ಈ ಮೂರೂ ಕೂಡಿದ ವಾಸನೆಗೆ ಹಡಗಿನ ಅಡಿಗೆಯವನು ಮೂಗು ಮುಚ್ಚಿಕೊಳ್ಳುತ್ತಿದ್ದ. ನನಗೆ ಅದು ಘಟಪ್ರಭೆಯ ದಂಡೆಯ ವಾಸನೆ. ಕಣ್ಣು ಮುಚ್ಚಿದರೆ ಸಾಕು, ಕುರಿದಡ್ಡಿಯ ಹತ್ತಿರ ಕುರಿ ತೊಳೆಯುವ ಜಾಗದಲ್ಲಿ ಇರುತ್ತಿದ್ದೆ.

ಸಂಜೆ ಮೇಲೆ ಬಂದು, ನಮ್ಮೂರು ಯಾವ ಕಡೆ ಎಂದು ಒಬ್ಬ ಖಲಾಸಿಯನ್ನು ಕೈಸನ್ನೆಯಿಂದ ಕೇಳುತ್ತಿದ್ದೆ. ಒಂದು ದಿನ ಹಡಗಿನ ಹಿಂದೆ ತೋರಿಸಿದ. ಇನ್ನೊಂದು ದಿನ ಬಲಕ್ಕೆ ತೋರಿಸಿದ. ಮತ್ತೊಂದು ದಿನ ತಲೆ ಕೆರೆದುಕೊಂಡು ನೀರಿನ ಕೆಳಕ್ಕೆ ತೋರಿಸಿದ. ಅವನು ತೋರಿಸಿದ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಎತ್ತ ನೋಡಿದರೂ ಅಷ್ಟೇ ನೀರಿತ್ತು. ಆದರೂ ಒಂದು ದಿಕ್ಕು ಸಿಕ್ಕಿತಲ್ಲ ಎಂಬ ಸಮಾಧಾನವಾಗುತ್ತಿತ್ತು.

ಸ್ಕೋಪ್ಯೆ

ರಿಯೆಕಾ ಎಂಬ ಬಂದರಿನಲ್ಲಿ ಇಳಿದು ಗೂಡ್ಸ್ ಗಾಡಿಯಲ್ಲಿ ಗಂಟುಗಳ ಜೊತೆಗೇ ಹೋದೆ. ಸ್ಕೋಪ್ಯೆಯ ಸ್ಟೇಶನ್ ಅರ್ಧ ಬಿದ್ದಿತ್ತು. ಉಳಿದ ಗೋಡೆಯ ಮೇಲಿನ ಗಡಿಯಾರ ನೆಲ ನಡುಗಿದ ಹೊತ್ತಿಗೇ ನಿಂತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಆ ಗೋಡೆ ಬಂದಾಗ ಎಲ್ಲರ ಕಣ್ಣು ಕೆಳಗಾಗುತ್ತಿತ್ತು.

ನನ್ನನ್ನು ಕರೆದೊಯ್ಯಲು ಬಂದವನ ಹೆಸರು ಸ್ತೋಯಾನ್. ಮೊದಲು ಹಡಗಿನಲ್ಲಿದ್ದು ಮುಂಬಯಿಗೆ ಬಂದು ಹೋಗಿ ಮಾಡಿದವನು, ಈಗ ರೈಲ್ವೆಯಲ್ಲಿ ಗಾಡಿ ಜೋಡಿಸುವ ಕೆಲಸ. ಬಂದರಿನಲ್ಲಿ ಕಲಿತ ಮುರುಕು ಹಿಂದಿ ಅವನಿಗಿತ್ತು, ನನ್ನದೂ ಅಂಥದೇ. ನಮ್ಮಿಬ್ಬರ ಮಾತನ್ನು, ಅವನು ಬೇರೆಯವರಿಂದ ದಾಟಿಸಿ ಹೇಳಿದ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲಿಯೇ ಬರೆಯುತ್ತೇನೆ. ಇಲ್ಲವಾದರೆ ಓದುವವರಿಗೂ ಹಡಗು ಹತ್ತಿದಂತಾಗುತ್ತದೆ.

ದೂರದ ದೇಶವೆಂದು ಹೋದರೆ ಅಲ್ಲಿಯೂ ಚಹಾಕ್ಕೆ ಚಾಯ್, ಸಕ್ಕರೆಗೆ ಶೆಕೆರ್, ಸಾಬೂನಿಗೆ ಸಾಪುನ್, ಜೇಬಿಗೆ ಜೆಪ್ ಎನ್ನುತ್ತಾರೆ. ಇಲ್ಲ ಎನ್ನಲು ನಮ್ಮ ಹಾಗೆಯೇ ನಾಲಿಗೆಯಿಂದ ಚ್ ಎನ್ನುತ್ತಾರೆ. ಅಜ್ಜಿಗೆ ಮಾತ್ರ ಬಾಬಾ ಎನ್ನುತ್ತಾರೆ, ಅದು ರೂಢಿಯಾಗಲು ಸಮಯ ಬೇಕಾಯಿತು. ಹೊಳೆಯಾಚೆಯ ಹಳೆಯ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಓಣಿ. ತಾಮ್ರಗಾರನೊಬ್ಬ ಬಿರುಕು ಬಿಟ್ಟ ಗೋಡೆಗೆ ತೊಲೆ ಆನಿಸಿ, ಅದರ ಕೆಳಗೇ ಕೂತು ಕೊಡ ಬಡಿಯುತ್ತಿದ್ದ. ಆ ಸಪ್ಪಳಕ್ಕೆ ನನ್ನ ಕಾಲು ತಾನೇ ನಿಂತಿತು. ನಮ್ಮ ಪೇಟೆಯ ಬೋಗಾರರ ಅಂಗಡಿಯ ಸಪ್ಪಳವದು.

ಗುಡಾರಗಳ ನಡುವೆ ಹೆಂಗಸರು ತಗಡಿನ ಮೇಲೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಎಷ್ಟೋ ದಿನದಿಂದ ಸಪ್ಪೆ ಬ್ರೆಡ್ಡು ತಿಂದ ನನ್ನ ಬಾಯಲ್ಲಿ ನೀರು ಬಂತು. ಒಬ್ಬ ಮುದುಕಿ ಒಂದು ಕಾಯಿ ಕೊಟ್ಟಳು. ಖಾರಕ್ಕೆ ಸಿದ್ಧನಾಗಿ, ಕಣ್ಣು ಬಿಗಿ ಹಿಡಿದು ಕಚ್ಚಿದೆ. ಖಾರವೇ ಇಲ್ಲ. ಬೆಲ್ಲದಂತೆ ಸಿಹಿ. ನನ್ನ ಮುಖ ನೋಡಿ ಅವಳು ನಕ್ಕಳು, ಬಾಯಲ್ಲಿ ಎರಡೇ ಹಲ್ಲು. ಅವಳೇ ಬಾಬಾ ವೇಲಿಕಾ. ಗುಡ್ಡದ ಕುರಿಗಾರರ ಮಗಳು, ಪಟ್ಟಣಕ್ಕೆ ಮದುವೆಯಾಗಿ ಬಂದವಳು. ಮನೆ, ಗಂಡ ಎರಡೂ ಆ ಜಾವದಲ್ಲೇ ಹೋದವು ಎಂದು ಸ್ತೋಯಾನ್ ಹೇಳಿದ. ನಾನು ಜೋಪಾನವಾಗಿ ಉಳಿಸಿಟ್ಟಿದ್ದ ಶೇಂಗಾ ಹಿಂಡಿಯನ್ನು, ನಮ್ಮ ಖಾರದ ಚಟ್ನಿಪುಡಿಯನ್ನು, ಅವಳಿಗೆ ಕೊಟ್ಟೆ. ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸ್ತೋಯಾನ್‌ಗೆ ಏನೋ ಅಂದಳು.

"ನಿಮ್ಮ ಊರಾಗ ಮಂದಿ ಯಾಕ ಸಿಟ್ಟಾಗ್ಯಾರ ಅಂತ ಕೇಳತಾಳ," ಎಂದ ಅವನು.

ಗುಡಾರದ ಸಾಲು

ಮೊದಲ ದಿನ ಒಂದು ಸಾಲು ಗುಡಾರಗಳಿಗೆ ಕಂಬಳಿ ಹಂಚಿದೆವು. ನಾನು ಶುಭ್ರ ಧೋತರ ಉಟ್ಟು, ರುಮಾಲು ಸುತ್ತಿ, ಎರಡೂ ಕೈಯಿಂದ ಕೊಟ್ಟೆ. ಯಾರಾದರೂ ಕೇಳುತ್ತಾರೆ, ಎಲ್ಲಿಂದ ಬಂದೆ, ಇದನ್ನು ಯಾರು ನೇಯ್ದರು ಎಂದು. ಹೇಳಲು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಯಾರೂ ಕೇಳಲಿಲ್ಲ. ತಲೆ ತಗ್ಗಿಸಿ ತೆಗೆದುಕೊಂಡು ಒಳಗೆ ಹೋದರು. ಒಬ್ಬ ಹೆಂಗಸು ಗುಡಾರದ ಕಂಬದ ಕಡೆ ಮುಖ ಮಾಡಿ ಕೈ ಚಾಚಿದಳು. ನಾನು ಬೇಗ ಮುಂದಿನ ಗುಡಾರಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಕಂಬಳಿಗಳೆಲ್ಲ ನೀಟಾಗಿ ಮಡಿಚಿ ಉಗ್ರಾಣದ ಬಾಗಿಲಲ್ಲಿದ್ದವು. ಯಾರೂ ದೂರು ಹೇಳಿರಲಿಲ್ಲ. ಹೇಳಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಬಾಬಾ ವೇಲಿಕಾ ಮಾತ್ರ ತನ್ನದನ್ನು ತಾನೇ ಹೊತ್ತು ತಂದು ನೆಲಕ್ಕೆ ನಿಲ್ಲಿಸಿದಳು. ಅದು ನಿಂತಿತು.

"ಇದು ಹೊದಿಕಿ ಅಲ್ಲ, ಬಾಗಲಾ," ಎಂದಳಂತೆ. "ಒಂದು ಬಾಗಲಾ ಮೈಮ್ಯಾಲ ಬಿದ್ದದ್ದು ಸಾಕಾಗೇತಿ ನನಗ."

ಸುತ್ತಲಿನವರು ಬಾಯಿ ಮುಚ್ಚಿ ನಕ್ಕರು. ನಾನು ಸೋಲಲಿಲ್ಲ. ನಮ್ಮ ಕುರಿಗಾರರಂತೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬಯಲಲ್ಲಿ ಕೂತು ತೋರಿಸಿದೆ, ನೋಡಿ, ಮಳೆಗೆ ಹೀಗೆ, ಗಾಳಿಗೆ ಹೀಗೆ ಎಂದು. ಅವರು ಇನ್ನೂ ನಕ್ಕರು. ನಿಜ ಹೇಳಬೇಕೆಂದರೆ ನಮ್ಮ ಕಂಬಳಿ ಮೆತ್ತಗಾಗಲು ಕುರಿಗಾರನ ಮೈಮೇಲೆ ಒಂದು ಮಳೆಗಾಲ ಕಳೆಯಬೇಕು. ಇಲ್ಲಿ ಮಲಗುವವನ ಮೈಗೆ ಅದು ಅಂಟುತ್ತಿರಲಿಲ್ಲ, ಬದಿಯಿಂದ ಗಾಳಿ ನುಗ್ಗುತ್ತಿತ್ತು. ಅವರ ಚಳಿಗಾಲ ಆಗಲೇ ಎದುರಿನ ಗುಡ್ಡದ ನೆತ್ತಿಯ ಮೇಲೆ ಬೆಳ್ಳಗೆ ಕೂತಿತ್ತು.

ಉಗ್ರಾಣದ ಅಧಿಕಾರಿ ಒಳ್ಳೆಯ ಮನುಷ್ಯ, ತಾನೂ ಗುಡಾರದಲ್ಲೇ ಇದ್ದವನು. ನಿರಾಶ್ರಿತರಿಗೆ ಕಟ್ಟುತ್ತಿದ್ದ ಮರದ ಮನೆಗಳ ಹಲಗೆಯ ಕೆಳಗೆ ನೆಲದ ಥಂಡಿ ಬರದಂತೆ ಇವನ್ನು ಹಾಸೋಣ, ಅದೂ ಉಪಯೋಗವೇ ಎಂದ. ಸ್ತೋಯಾನ್ ಅದನ್ನು ದಾಟಿಸಿ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಯಾರಿಗೆ ಹೊಚ್ಚಿದಿ ಎಂದು ಲಗಮವ್ವ ಕೇಳಿದರೆ ನೆಲಕ್ಕೆ ಎಂದು ಹೇಳಬೇಕಾಗಿತ್ತು.

ನಾನು ಗಂಟಿನೊಳಗಿಂದ ಬಿಳಿ ಅಂಚಿನ ಕಂಬಳಿಯನ್ನು ಎಳೆದು ಎದೆಗೆ ಅವಚಿಕೊಂಡೆ, ಇದೊಂದನ್ನು ಕೊಡುವುದಿಲ್ಲ ಎಂದು. ಬಾಬಾ ವೇಲಿಕಾ ಬಂದು ಅದರ ಇನ್ನೊಂದು ತುದಿ ಹಿಡಿದಳು. ಉಗುರಿನಿಂದ ಗಂಜಿ ಕೆರೆದು ನಾಲಿಗೆಗೆ ಹಚ್ಚಿ ಉಗುಳಿದಳು. ಎಳೆಯೊಂದನ್ನು ಬೆರಳಲ್ಲಿ ಹೊಸೆದು ನೋಡಿದಳು.

"ನೂಲು ಭಾಳ ಚಲೋ ಐತಿ ಅಂತಾಳ," ಎಂದ ಸ್ತೋಯಾನ್. "ನೂತಾಕಿ ಜ್ವಾಕಿಯಿಂದ ನೂತಾಳ, ನೀವು ಅದನ್ನ ಜೇಲಿನ್ಯಾಗ ಹಾಕೀರಿ ಅಂತಾಳ. ಗುಡ್ಡದಾಗ ಆಕಿ ತಮ್ಮಂದು ನೀರಿನ ಬಾನಿ ಐತಿ. ಅದರಾಗ ಹಾಕಿ ಗಂಜಿ ಬಿಡಸ್ತಾರಂತ."

"ಗಂಜಿ ಬಿಟ್ರ ಅದು ಹಳೇದಾಗತೈತಿ," ಎಂದೆ. "ನಾ ಹಳೇದು ಕೊಡಾಕ ಇಷ್ಟು ದೂರ ಬಂದಿಲ್ಲ."

ಸ್ತೋಯಾನ್ ಹೇಳಿದ್ದನ್ನು ಕೇಳಿ ಅವಳು ತನ್ನ ಕೈಯಲ್ಲಿದ್ದ ತುದಿಯನ್ನು ಎಳೆಯುತ್ತ ಅಂದಳು.

"ಹೊಸಾದು ನಮ್ಮ ಕಡೆ ಭಾಳ ಐತಿ, ತಮ್ಮಾ. ಗುಡಾರ ಹೊಸಾದು, ಚಮಚಾ ಹೊಸಾದು, ಬಾಜೂದಾಗ ಮಲಗಾವರು ಹೊಸಬರು. ಒಂದಾದ್ರೂ ಹಳೇದು ಬ್ಯಾಡೇನು?"

ನಾನು ಕಂಬಳಿ ಬಿಡಲಿಲ್ಲ. ಆದರೆ ಹಿಡಿತ ಸಡಿಲಾಯಿತು. ಇದೊಂದು ಸರಿಯಾಗಿ ಬಂದರೆ ಮಿಕ್ಕವನ್ನೂ ಕಳಿಸುತ್ತೇನೆ, ಅಲ್ಲಿಯವರೆಗೆ ಹಲಗೆ ಹೊಡೆಯುವುದಿಲ್ಲ ಎಂದು ಅಧಿಕಾರಿ ಒಪ್ಪಿದ.

ಗುಡ್ಡದ ಬಾನಿ

ಲಾರಿಯಲ್ಲಿ ಹೋಗಿ, ಆಮೇಲೆ ಕತ್ತೆಯ ಮೇಲೆ ಕಂಬಳಿ ಹೇರಿಕೊಂಡು ಹತ್ತಿದೆವು. ಹಲಗೆಗಳನ್ನು ನೆಲದಲ್ಲಿ ಹೂತು ಮಾಡಿದ ಅಷ್ಟು ದೊಡ್ಡ ಬಾನಿಯನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಮೇಲಿನ ಹಳ್ಳದಿಂದ ಮರದ ಕಾಲುವೆಯಲ್ಲಿ ನೀರು ಬಂದು ಅದರೊಳಗೆ ಬಿದ್ದು ಸುಳಿಯಾಗಿ ತಿರುಗುತ್ತಿತ್ತು. ನಮ್ಮ ಗೋಕಾಕದ ಧಬಧಬೆ ಜಲಪಾತವನ್ನು ಒಂದು ಬಾನಿಯಲ್ಲಿ ಹಿಡಿದಿಟ್ಟಂತೆ. ಆ ಸಪ್ಪಳದಲ್ಲಿ ಕಣ್ಣು ಮುಚ್ಚಿದರೆ ಮನೆಗೆ ಹೋಗಬಹುದಾಗಿತ್ತು, ಆದರೆ ನಾನು ಮುಚ್ಚಲಿಲ್ಲ.

ವೇಲಿಕಾಳ ತಮ್ಮ ಕಂಬಳಿಯನ್ನು ಸುಳಿಯೊಳಗೆ ಬಿಟ್ಟ. ಮೊದಲು ಹಲಗೆಯಂತೆ ನೀರಿನ ಮೇಲೆ ನಿಂತಿತು. ಆಮೇಲೆ ಒಂದು ಮೂಲೆ ಬಾಗಿತು. ಆಮೇಲೆ ಎಲ್ಲ ಬಾಗಿ ಒಳಗೆ ಹೋಯಿತು. ನೀರು ಬೆಳ್ಳಗೆ ಕದಡಿತು. ಮುತ್ತೆಪ್ಪಕಾಕಾ ಒಲೆಯ ಮುಂದೆ ಕೂತು ಕುದಿಸಿದ ಗಂಜಿ ಪರದೇಶದ ಹಳ್ಳದಲ್ಲಿ ಹರಿದು ಹೋಗುತ್ತಿತ್ತು.

ಬಹಳ ಹೊತ್ತು ಬೇಕು ಎಂದರು. ಅಂಗಳದಲ್ಲಿ ಕೂತು ಮೊಸರು, ಬ್ರೆಡ್ಡು ತಿಂದೆವು. ಮೊಸರು ನಮ್ಮ ಎಮ್ಮೆಯ ಮೊಸರಿನಷ್ಟೇ ಗಟ್ಟಿ. ಆಗ ನಾನೇ ಬಾಯಿ ಬಿಟ್ಟು, ನಮ್ಮ ಊರಿನ ಬಗ್ಗೆ ಏನೂ ಕೇಳುವುದಿಲ್ಲವೇ ಎಂದು ಸ್ತೋಯಾನ್‌ನಿಂದ ಬಾಬಾಳನ್ನು ಕೇಳಿಸಿದೆ.

"ಕೇಳತೇನಿ," ಎಂದಳು ಅವಳು, ಬುತ್ತಿ ಕಟ್ಟುತ್ತಲೇ. "ನೀ ಹೊರಡೋ ದಿನ ಕೇಳತೇನಿ. ಹೊಳಿ ಹೆಂಗೈತಿ, ಕುರಿ ಹೆಂಗದಾವ, ಇದನ್ನ ನೂತಾಕಿ ಎಂಥಾಕಿ, ಎಲ್ಲಾ. ಈಗ ಕೆಲಸ ಐತಿ."

ಕಂಬಳಿ ಹೊರಗೆ ತೆಗೆದಾಗ ಒಂದು ಗೇಣಿನಷ್ಟು ಕುಗ್ಗಿತ್ತು. ಗೇಣು ಹಾಕಿ ಇನ್ನೊಮ್ಮೆ ಅಳೆದೆ. ಒಣಗಿದ ಮೇಲೆ ಅವಳು ಅದನ್ನು ನನ್ನ ಹೆಗಲಿಗೆ ಹಾಕಿದಳು. ದಪ್ಪಗೆ, ಮೆತ್ತಗೆ ಹೆಗಲ ಮೇಲಿಂದ ಇಳಿದು ಮೈಗೆ ಕೂತಿತು. ಎಳೆಗಳೆಲ್ಲ ಒಂದರೊಳಗೊಂದು ಸೇರಿ ಗಾಳಿಗೆ ದಾರಿ ಇರಲಿಲ್ಲ. ಮುಖ ಒತ್ತಿ ನೋಡಿದೆ. ಧರ್ಮಶಾಲೆಯ ಬೂದು ರಗ್ಗು ಹೀಗೆಯೇ ಇತ್ತು. ಅವ್ವ ಆ ರಾತ್ರಿ ಗೋಡೆ ನೋಡುತ್ತ ಕೂತಿದ್ದಳು. ನಾನು ಅದರೊಳಗೆ ತಲೆ ಹಾಕಿದವನೇ ನಿದ್ದೆ ಹೋಗಿದ್ದೆ. ಇಷ್ಟು ವರ್ಷ ನನಗೆ ಅದರ ವಾಸನೆ ನೆನಪಿತ್ತು, ಆ ನಿದ್ದೆ ಮರೆತಿತ್ತು.

ಮಿಕ್ಕ ಗಂಟುಗಳೆಲ್ಲ ಗುಡ್ಡ ಹತ್ತಿದವು.

ಮರದ ಮನೆಗಳು

ಗುಡಾರದ ಮಂದಿಯಲ್ಲಿ ಒಂದು ರೂಢಿಯಿತ್ತು. ನೆಲ ನಡುಗಿದ ಆ ಜಾವಕ್ಕೆ ಎಲ್ಲರಿಗೂ ಎಚ್ಚರವಾಗುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ, ಒಬ್ಬೊಬ್ಬರಾಗಿ ಹೊರಗೆ ಬಂದು, ಬೆಳಕು ಬರುವತನಕ ನಿಲ್ಲುತ್ತಿದ್ದರು. ಬಾಬಾ ವೇಲಿಕಾ ಒಂದು ಪೆಟ್ಟಿಗೆಯ ಮೇಲೆ ಕೂತು ಸ್ವೆಟರ್ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಸ್ಕೋಪ್ಯೆಯಲ್ಲಿ ಅವಳು ಮಲಗಿದ್ದನ್ನು ನಾನು ನೋಡಿರಲಿಲ್ಲ. ಕೇಳಿದರೆ ನಾಲಿಗೆಯಿಂದ ಚ್ ಎನ್ನುತ್ತಿದ್ದಳು.

ಗುಡ್ಡದಿಂದ ಬಂದ ಕಂಬಳಿಗಳನ್ನು ಹಂಚುವಾಗ ನಾನು ರುಮಾಲು ಸುತ್ತಲಿಲ್ಲ. ಹಗ್ಗ ಬಿಚ್ಚಿ ಕೊಡುವ ಆಳುಗಳ ಜೊತೆ ನಿಂತೆ. ಈ ಸಲವೂ ಯಾರೂ ಮುಖ ನೋಡಲಿಲ್ಲ, ಅದಕ್ಕೆ ನನಗೆ ಬೇಸರವಾಗಲಿಲ್ಲ. ಮರುದಿನ ಉಗ್ರಾಣದ ಬಾಗಿಲಲ್ಲಿ ಒಂದೂ ಕಂಬಳಿ ಇರಲಿಲ್ಲ. ಬಿಳಿ ಅಂಚಿನದನ್ನು ಬಾಬಾಗೇ ಕೊಟ್ಟೆ. ಅವಳಿಗೆ ಆಗ ಮರದ ಮನೆಯಲ್ಲಿ ಒಂದು ಖೋಲಿ ಸಿಕ್ಕಿತ್ತು. ಕಂಬಳಿಗೆ ಬದಲಾಗಿ, ದಾರದಲ್ಲಿ ಪೋಣಿಸಿ ಒಣಗಿಸಿದ ಮೆಣಸಿನಕಾಯಿ ಸರವೊಂದನ್ನು ನನ್ನ ಕೊರಳಿಗೆ ಹಾಕಿ, ಮದುಮಗ ಎಂದು ಚೇಷ್ಟೆ ಮಾಡಿದಳು.

ನಾನು ಹೊರಡುವ ಗಾಡಿ ಬೆಳಿಗ್ಗೆ ಬೇಗ ಇತ್ತು. ಹೊಳೆಯ ಬಗ್ಗೆ, ಕುರಿಯ ಬಗ್ಗೆ, ಲಗಮವ್ವನ ಬಗ್ಗೆ ಏನೇನು ಹೇಳಬೇಕೆಂದು ಕೂಡಿಸಿಕೊಂಡು, ಆ ಜಾವದಲ್ಲೇ ಸ್ತೋಯಾನ್ ಜೊತೆ ಅವಳ ಮನೆಗೆ ಹೋದೆ. ಮೊದಲ ಹಿಮ ಬಿದ್ದಿತ್ತು. ಮಂದಿ ಹೊರಗೆ ನಿಂತಿದ್ದರು. ಪೆಟ್ಟಿಗೆಯ ಮೇಲೆ ಅವಳಿರಲಿಲ್ಲ, ಹಿಮ ಕೂತಿತ್ತು.

ಸ್ತೋಯಾನ್ ಕಿಟಕಿಯ ಗಾಜು ಒರೆಸಿ ಇಣುಕಿದ. ನಾನೂ ಇಣುಕಿದೆ. ಬಿಳಿ ಅಂಚನ್ನು ಗದ್ದದವರೆಗೆ ಎಳೆದುಕೊಂಡು, ಬಾಯಿ ತೆರೆದು, ಬಾಬಾ ವೇಲಿಕಾ ಮಲಗಿದ್ದಳು. ಅವಳ ಗೊರಕೆ ಹಲಗೆಯ ಗೋಡೆ ದಾಟಿ ಕೇಳುತ್ತಿತ್ತು.

"ಎಬ್ಬಿಸ್ಲೇನು?" ಎಂದ ಸ್ತೋಯಾನ್. "ನಿನಗ ಕೇಳೋದು ಐತಿ ಅಂದಿದ್ಲು."

"ಬ್ಯಾಡ," ಎಂದೆ. ಗಾಡಿ ತಪ್ಪುತ್ತದೆ ಎಂದು ಅವನು ತೋಳು ಹಿಡಿದು ಎಳೆಯುವತನಕ ಅಲ್ಲೇ ಇದ್ದೆ.

ಘೋಡಗೇರಿ

ಊರಿಗೆ ಬಂದು ಅಂಗಡಿಯ ಬೀಗ ತೆಗೆಯುವ ಮೊದಲು ಘೋಡಗೇರಿಗೆ ಹೋದೆ. ಗಂಜಿಯ ಸಂಗತಿ ಕೇಳಿ ಮುತ್ತೆಪ್ಪಕಾಕಾ ಮುಖ ಸಣ್ಣ ಮಾಡಿದ. "ಎರಡ ಸರತಿ ಹಾಕ್ರಿ ಅಂದಾವ ನೀನ ಅಲ್ಲೇನೋ," ಎಂದು ನನ್ನನ್ನು ಬೈದ, ಆಮೇಲೆ ಆ ಬಾನಿಯ ಅಳತೆ ಕೇಳಿದ.

ಲಗಮವ್ವ ರಾಟಿ ತಿರುಗಿಸುತ್ತಲೇ ಇದ್ದಳು.

"ಯಾರಿಗೆ ಹೊಚ್ಚಿದಿ?"

"ವೇಲಿಕಾ ಅಂತ, ಆಯಿ. ಕುರಿಯವರ ಮಗಳು. ನಿನ್ನ ವಾರಗಿಯಾಕಿ. ನಿನ್ನ ನೂಲು ಚಲೋ ಐತಿ ಅಂದ್ಲು."

"ಏನ್ ಅಂದ್ಲು ಹೊರಡೋ ಮುಂದ?"

"ಏನೂ ಅನ್ನಲಿಲ್ಲ. ಮಲಗಿದ್ಲು."

ರಾಟಿ ನಿಂತಿತು. ಲಗಮವ್ವ ಕೈಯಲ್ಲಿನ ಎಳೆಯನ್ನು ಬಿಡದೆ ಬಾಗಿಲ ಹೊರಗೆ ನೋಡಿದಳು.

"ಹೊಚ್ಚಗೊಂಡು ಮಲಗಿದ್ಲೇನು?"

"ಗದ್ದದತನಕ."

"ಮಲಗಲಿ ಬಿಡು," ಎಂದಳು. ಕೈಯಲ್ಲಿನ ಎಳೆಯನ್ನು ಕದಿರಿಗೆ ಸುತ್ತಿ, "ಮಲಗಲಿ," ಎಂದು ರಾಟಿಯನ್ನು ಗೋಡೆಗೆ ಸರಿಸಿಟ್ಟಳು. ಅದು ಹಗಲು ಹೊತ್ತು, ನೂಲುವ ಉಣ್ಣೆ ಇನ್ನೂ ಬುಟ್ಟಿಯಲ್ಲಿತ್ತು.

ಸ್ಕೋಪ್ಯೆಯಿಂದ ನನಗೆ ಯಾವ ಸುದ್ದಿಯೂ ಬರಲಿಲ್ಲ, ಬರೆಯಲು ನನ್ನ ವಿಳಾಸವನ್ನು ಯಾರೂ ಕೇಳಿರಲಿಲ್ಲ. ಈಗಲೂ ಕೆಲವು ಸಂಜೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಆ ಊರು ಯಾವ ಕಡೆ ಎಂದು ಲೆಕ್ಕ ಹಾಕುತ್ತೇನೆ. ಅಂಕಲಗಿಯ ರಸ್ತೆಯ ಕಡೆ ಎಂದು ಒಮ್ಮೆ ಅನ್ನಿಸುತ್ತದೆ, ಒಮ್ಮೆ ಹೊಳೆಯ ಕಡೆ. ಬಾಬಾ ವೇಲಿಕಾ ಕೇಳುತ್ತೇನೆಂದದ್ದಕ್ಕೆ ಉತ್ತರಗಳು ನನ್ನ ಹತ್ತಿರವೇ ಇವೆ.

ಇಂದಿಗೆ ನನಗಿರುವುದು ಇಷ್ಟು. ಮನೆ ಒಂದು. ಅಂಗಡಿ ಒಂದು. ಮಗ್ಗ ಎರಡು. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಇಬ್ಬರು. ಧರ್ಮಶಾಲೆಯ ಆ ಬೂದುಬಣ್ಣದ ರಗ್ಗು ಒಂದು, ಈಗ ನಾನೇ ಹೊದೆಯುತ್ತೇನೆ. ಹಿತ್ತಲಲ್ಲಿ ಬಾಬಾ ಕೊಟ್ಟ ಸರದ ಬೀಜ ಹಾಕಿ ಬೆಳೆದ ಮೆಣಸಿನ ಗಿಡ ನಾಲ್ಕು. ಕಾಯಿ ಬಿಟ್ಟಿವೆ. ಖಾರವಿಲ್ಲ.